ಪ್ರೊಸೆಸರ್ ಮುಚ್ಚಳ ಕೀಳುವ ಮೊದಲು ನನ್ನ ಕಥೆ ಕೇಳಿ

ಪ್ರೊಸೆಸರ್ ಮೇಲಿನ ಲೋಹದ ಮುಚ್ಚಳ ಕಿತ್ತರೆ ಕಂಪ್ಯೂಟರ್ ತಣ್ಣಗಾಗುತ್ತೆ ಅಂತ ಯಾವುದೋ ವಿಡಿಯೊ ನೋಡಿ ಬ್ಲೇಡು ಹುಡುಕುತ್ತಿದ್ದೀರಾ? ಸ್ವಲ್ಪ ತಡೆಯಿರಿ. ನಾನು ಎರಡು ಪ್ರೊಸೆಸರ್ ಬಿಚ್ಚಿದ್ದೇನೆ. ಒಂದು ಬದುಕಿತು. ಇನ್ನೊಂದು ಈಗ ಡ್ರಾಯರಿನಲ್ಲಿ, ಹಳೇ ಮಾತ್ರೆ ಡಬ್ಬಿಯೊಳಗೆ ಮಲಗಿದೆ.

ನಾನಿರುವುದು ಬಳ್ಳಾರಿಯಲ್ಲಿ, ಕೌಲ್ ಬಜಾರ್ ಕಡೆ. ಮದುವೆ ವಿಡಿಯೊ ಎಡಿಟಿಂಗ್ ನನ್ನ ಹೊಟ್ಟೆಪಾಡು. ಮಹಡಿ ಮೇಲೊಂದು ಶೀಟಿನ ಕೋಣೆ, ಕೆಳಗೆ ಜೀನ್ಸ್ ಹೊಲಿಯುವ ಯೂನಿಟ್. ನಮ್ಮೂರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅಂತ ನಾವೇ ನಗಾಡುತ್ತೇವೆ. ಏಪ್ರಿಲ್‌ನಲ್ಲಿ ನನ್ನ ಕೋಣೆಯೊಳಗೆ 40 ಡಿಗ್ರಿ ಅಂದರೆ ಪುಣ್ಯ.

ಮೊದಲು ಬಿಚ್ಚಿದ್ದು ಇಂಟೆಲ್ ಕೋರ್ ಐ7 7700ಕೆ. ಎಡಿಟ್ ಆದ ವಿಡಿಯೊವನ್ನು ಕೊನೇ ಫೈಲ್ ಮಾಡಲು, ಅಂದರೆ ರೆಂಡರ್‌ಗೆ, ಹಾಕಿದರೆ ಐದೇ ನಿಮಿಷಕ್ಕೆ 100 ಡಿಗ್ರಿ ಮುಟ್ಟುತ್ತಿತ್ತು, ಆಮೇಲೆ ತಾನೇ ವೇಗ ಇಳಿಸಿಕೊಳ್ಳುತ್ತಿತ್ತು. ನಮ್ಮ ಭಾವನದು ಲೇತ್ ಅಂಗಡಿ. ಅಲ್ಲಿನ ಬೆಂಚ್ ವೈಸ್‌ನಲ್ಲಿ ಒಂದು ದವಡೆಗೆ ಮುಚ್ಚಳದ ಅಂಚು, ಇನ್ನೊಂದಕ್ಕೆ ಪ್ರೊಸೆಸರ್‌ನದೇ ಹಸಿರು ಬೋರ್ಡಿನ ಅಂಚು ಕೊಟ್ಟು ನಿಧಾನಕ್ಕೆ ತಿರುಗಿಸಿದೆವು. ಮುಚ್ಚಳ ಮೆಲ್ಲಗೆ ಪಕ್ಕಕ್ಕೆ ಜರುಗಿತು. ಒಳಗೆ ಶಾಖ ದಾಟಿಸುವ ಬೂದು ಬಣ್ಣದ ಪೇಸ್ಟ್. ಅದನ್ನು ಒರೆಸಿ, ಪೇಸ್ಟಿಗಿಂತ ಚೆನ್ನಾಗಿ ಶಾಖ ದಾಟಿಸುವ ದ್ರವ ಲೋಹ, ಅಂದರೆ ಲಿಕ್ವಿಡ್ ಮೆಟಲ್, ತೆಳ್ಳಗೆ ಸವರಿ, ಅದೇ ಮುಚ್ಚಳ ಮತ್ತೆ ಕೂರಿಸಿದೆ. 78 ಡಿಗ್ರಿಗೆ ಬಂದು ನಿಂತಿತು. ಆವತ್ತು ನಾನು ನೆಲದ ಮೇಲೆ ಇರಲಿಲ್ಲ.

ಇದು ಕೆಲಸ ಮಾಡಿದ್ದು ಯಾಕೆ ಅಂತ ಆಗಲೇ ಓದಿಕೊಂಡಿದ್ದರೆ ಮುಂದಿನದು ಆಗುತ್ತಿರಲಿಲ್ಲ. ಮುಚ್ಚಳ ಅಡ್ಡ ಬಂದು ಶಾಖ ತಡೆಯುತ್ತಿತ್ತು ಅಂತ ನಾನು ತಿಳಿದಿದ್ದೆ. ತಪ್ಪು. ಮುಚ್ಚಳ ನಿಕಲ್ ಲೇಪಿಸಿದ ತಾಮ್ರ, ಶಾಖವನ್ನು ಚೆನ್ನಾಗಿಯೇ ಹರಡುತ್ತದೆ. ತೊಂದರೆ ಇದ್ದದ್ದು ಅದರ ಕೆಳಗೆ. ಇಂಟೆಲ್‌ನವರು 2012ರ ಮೂರನೇ ಪೀಳಿಗೆಯಿಂದ ತಮ್ಮ ಸಾಮಾನ್ಯ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ಬೆಸುಗೆ ಬಿಟ್ಟು ಪೇಸ್ಟ್ ಹಾಕತೊಡಗಿದರು. ಸುತ್ತಲಿನ ಕಪ್ಪು ಅಂಟು ದಪ್ಪಗಿದ್ದದ್ದರಿಂದ ಮುಚ್ಚಳಕ್ಕೂ ಸಿಲಿಕಾನ್‌ಗೂ (ಲೆಕ್ಕ ಮಾಡುವ, ಬಿಸಿಯಾಗುವ ಅಸಲಿ ಚೂರು ಅದೇ) ನಡುವೆ ಸಂದು ಉಳಿಯುತ್ತಿತ್ತು. ಆ ಸಂದು ಕಡಿಮೆ ಮಾಡಿ, ಪೇಸ್ಟ್ ಬದಲಿಸಿದ್ದಕ್ಕೆ ಶಾಖ ಇಳಿದಿದ್ದು. 2018ರಲ್ಲಿ 9900ಕೆ ಥರದ ಚಿಪ್‌ಗಳಿಗೆ ಅವರೇ ಮತ್ತೆ ಬೆಸುಗೆ ತಂದರು.

ನನ್ನ ಎರಡನೇ ಮೆಷಿನ್‌ನಲ್ಲಿ ಇದ್ದದ್ದು ಎಎಂಡಿ ರೈಜೆನ್ 5 3600. ಅದೂ 95 ಡಿಗ್ರಿ ಮುಟ್ಟಿ ಏದುಸಿರು ಬಿಡುತ್ತಿತ್ತು. ಇದಕ್ಕೂ ಅದೇ ಮದ್ದು ಅಂದುಕೊಂಡೆ. ವಾರಂಟಿ ಇನ್ನೂ ಏಳು ತಿಂಗಳಿತ್ತು, ನೋಡಿ ನನ್ನ ಬುದ್ಧಿ. ಕೆಳಗೆ ಸಾವಿರಕ್ಕೂ ಮೇಲೆ ಪಿನ್ನುಗಳಿರುವುದರಿಂದ ವೈಸ್ ಬೇಡ ಅಂತ ಬ್ಲೇಡಿನಿಂದ ನಾಲ್ಕೂ ಬದಿಯ ಅಂಟು ಕೊಯ್ದೆ. ಮುಚ್ಚಳ ಅಲುಗಲಿಲ್ಲ. ಅಂಟು ಎಲ್ಲೋ ಉಳಿದಿರಬೇಕು ಅಂತ ಇನ್ನೊಂದು ಸುತ್ತು ಬ್ಲೇಡು ಆಡಿಸಿದೆ. ಆಗಲೂ ಅಲುಗಲಿಲ್ಲ. ಕೊನೆಗೆ ಹೆಬ್ಬೆರಳಿನಿಂದ ಒತ್ತಿ ತಿರುಚಿದೆ.

ಹಪ್ಪಳ ಮುರಿದಂಥ ಸದ್ದು.

ಮುಚ್ಚಳ ಕೈಗೆ ಬಂತು. "ಬಂತಲ್ಲ ಬಿಡಪ, ಇನ್ನೇನು?" ಅಂದರು ಭಾವ. "ಬರಬಾರದ್ದೂ ಬಂದೈತಿ ಭಾವ" ಅಂದೆ. ಮುಚ್ಚಳದ ಒಳಮೈಗೆ ಉಗುರಿನಷ್ಟಗಲದ ಸಿಲಿಕಾನ್ ಚೂರು ಅಂಟಿಕೊಂಡು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದರ ಒಂದು ಮೂಲೆ ಮಾತ್ರ ಹಸಿರು ಬೋರ್ಡಿನ ಮೇಲೆ ಉಳಿದಿತ್ತು.

ಈ ಚಿಪ್‌ನ ಮುಚ್ಚಳಕ್ಕೆ ಪೇಸ್ಟ್ ಇರುವುದಿಲ್ಲ, ಇಂಡಿಯಂ ಅನ್ನುವ ಲೋಹದ ಬೆಸುಗೆ ಇರುತ್ತದೆ. ಇಂಡಿಯಂ ಕರಗುವುದು ಸುಮಾರು 157 ಡಿಗ್ರಿಗೆ. ಕಾಯಿಸದೆ ತಿರುಚಿದರೆ ಸಿಲಿಕಾನ್ ಸಮೇತ ಕಿತ್ತು ಬರುತ್ತದೆ. ಸರಿಯಾಗಿ ಕಾಯಿಸಿ ಬಿಚ್ಚಿದರೂ ಸಿಗುವ ಲಾಭ ಅಲ್ಪ, ಬೆಸುಗೆಯೇ ಒಳ್ಳೆ ಶಾಖವಾಹಕ ಅಲ್ವಾ. ರೈಜೆನ್ ಎಲ್ಲವೂ ಹೀಗೆ ಅಂತಲೂ ಅಲ್ಲ, 2200ಜಿ, 2400ಜಿ ಚಿಪ್‌ಗಳಲ್ಲಿ ಪೇಸ್ಟೇ ಇತ್ತು. ಅದಕ್ಕೇ ಹೇಳುವುದು, ಮಾಡೆಲ್ ನಂಬರ್ ಹಾಕಿ ಒಳಗೇನಿದೆ ಅಂತ ನೋಡದೆ ಬ್ಲೇಡು ಮುಟ್ಟಬೇಡಿ. ನಾನು ನೋಡಲಿಲ್ಲ.

ಹೊಟ್ಟೆ ಉರಿದದ್ದು ಇದಕ್ಕಲ್ಲ, ಮುಂದಿನದಕ್ಕೆ. ಅದೇ ಮಾಡೆಲಿನ ಇನ್ನೊಂದು ಪ್ರೊಸೆಸರ್ ತಂದು ಕೂರಿಸುವ ಮೊದಲು, ಪ್ರೊಸೆಸರ್ ಮೇಲೆ ಕೂತು ಅದನ್ನು ತಣ್ಣಗಿಡುವ ಕೂಲರ್‌ನ ಫ್ಯಾನ್ ಬಿಚ್ಚಿದೆ. ಫ್ಯಾನಿಗೂ ಕೂಲರ್‌ನ ಲೋಹದ ರೆಕ್ಕೆಗಳಿಗೂ ನಡುವೆ ಒಂದು ಕಂಬಳಿ! ಸುಳ್ಳಲ್ಲ, ಚಿಮಟದಲ್ಲಿ ಹಿಡಿದೆಳೆದರೆ ಇಡಿಯಾಗಿ ಬಂತು. ಕೆಳಗಿನ ಯೂನಿಟ್‌ನಿಂದ ಹಾರಿ ಬಂದ ನೀಲಿ ನೂಲಿನ ಎಳೆ, ಅದಕ್ಕೆ ಮೆತ್ತಿಕೊಂಡ ನಮ್ಮೂರ ಕೆಂಪು ಧೂಳು. ಅದನ್ನು ತೆಗೆದು, ಬ್ರಷ್ ಹೊಡೆದು, ಮುಚ್ಚಳದ ಮೇಲೆ ಹೊಸ ಪೇಸ್ಟ್ ಹಾಕಿ, ಅದೇ ಕೆಲಸವನ್ನೇ ರೆಂಡರ್‌ಗೆ ಹಾಕಿದೆ. 79 ಡಿಗ್ರಿ. ಬಿಚ್ಚುವ ಅಗತ್ಯವೇ ಇರಲಿಲ್ಲ.

ಆಮೇಲೆ ನೆನಪಾಯಿತು, 7700ಕೆ ಬಿಚ್ಚಿದ ದಿನವೂ ಕೂಲರ್ ತೊಳೆದಿದ್ದೆ. ಹಾಗಾದರೆ ಆವತ್ತು ಇಳಿದದ್ದರಲ್ಲಿ ಲಿಕ್ವಿಡ್ ಮೆಟಲ್ ಪಾಲೆಷ್ಟು, ಧೂಳಿನ ಪಾಲೆಷ್ಟು? ಲೆಕ್ಕವೇ ಇಲ್ಲ. ಮೊದಲು ಧೂಳು ತೆಗೆದು ಒಂದು ಸಲ ಶಾಖ ನೋಡಿದ್ದರೆ ಗೊತ್ತಾಗುತ್ತಿತ್ತು. ಇನ್ನೊಂದು ಮಾತು. ಕೂಲರ್‌ಗೆ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲು ಬರುವುದಿಲ್ಲ. ಕೋಣೆ 30 ಇದ್ದಾಗ 70 ತೋರಿಸುವ ಚಿಪ್, 41 ಇದ್ದಾಗ 81ರ ಆಸುಪಾಸು ತೋರಿಸಿಯೇ ತೋರಿಸುತ್ತದೆ. ತಂಪು ದೇಶದವರು ಹಾಕಿದ ವಿಡಿಯೊದ ಅಂಕಿ ನೋಡಿ ನಮ್ಮ ಬಳ್ಳಾರಿಯಲ್ಲಿ ಗಾಬರಿಯಾಗಬಾರದು.

ಪೇಸ್ಟ್ ಇರುವ ಚಿಪ್ಪೇ ನಿಮ್ಮದು, ವಾರಂಟಿಯೂ ಮುಗಿದಿದೆ, ಬಿಚ್ಚಿಯೇ ತೀರುತ್ತೇನೆ ಅನ್ನುವವರಿಗೆ: ಲಿಕ್ವಿಡ್ ಮೆಟಲ್‌ನಲ್ಲಿ ಗ್ಯಾಲಿಯಂ ಅನ್ನುವ ಲೋಹ ಇದೆ. ಅಲ್ಯೂಮಿನಿಯಂ ಕೂಲರ್‌ಗೆ ತಗುಲಿದರೆ ಅದನ್ನು ತಿಂದು ಪುಡಿ ಮಾಡುತ್ತದೆ. ಕರೆಂಟನ್ನೂ ಹರಿಸುತ್ತದೆ, ಒಂದು ಹನಿ ಬೋರ್ಡಿನ ಮೇಲೆ ಬಿದ್ದರೆ ಶಾರ್ಟ್. ಮುಚ್ಚಳ ಪೂರ್ತಿ ಬಿಟ್ಟು ಬರೀ ಸಿಲಿಕಾನ್ ಮೇಲೆ ಕೂಲರ್ ಕೂರಿಸುವುದಂತೂ ಬೇಡವೇ ಬೇಡ. ಎತ್ತರ ಸರಿಹೋಗುವುದಿಲ್ಲ, ಒಂದು ಕಡೆ ಜಾಸ್ತಿ ಬಿಗಿಯಾದರೆ ಮೂಲೆ ಒಡೆಯುತ್ತದೆ. ಎಎಂಡಿಯ ಮುಚ್ಚಳ ಇಲ್ಲದ ಹಳೇ ಅಥ್ಲಾನ್ ಪ್ರೊಸೆಸರ್‌ಗಳ ಕಾಲದಲ್ಲಿ ಕೂಲರ್ ಹಾಕುವಾಗಲೇ ಎಷ್ಟೋ ಚಿಪ್ ಹಾಗೆ ಸತ್ತವು.

7700ಕೆ ಇವತ್ತಿಗೂ ಓಡುತ್ತಿದೆ. ಈ ಬೇಸಿಗೆ 84 ತೋರಿಸುತ್ತಿದೆ, ಇನ್ನೊಂದು ಸಲ ಬಿಚ್ಚಿ ನೋಡಲೇನು ಅಂತ ಕೈ ತುರಿಸುತ್ತದೆ. ಭಾವ ವೈಸ್ ಕೊಡಲ್ಲ ಅಂದಿದ್ದಾರೆ.