ಜಿಲ್ಲಾ ಪುಟ ಹೋಗಿ ಆ್ಯಪ್ ಬಂತು: ಒಂದು ಮಳೆಗಾಲದ ಅನುಭವ

ನಾವು ತರಿಸುವ ಪತ್ರಿಕೆ ಕೊಡಗಿನ ಪುಟವನ್ನು ಮೈಸೂರು ಆವೃತ್ತಿಯೊಳಗೆ ಸೇರಿಸಿ, ಇಲ್ಲಿನ ಸುದ್ದಿಯನ್ನೆಲ್ಲ ಆ್ಯಪಿಗೆ ಹಾಕಿದಾಗ ಸಿಟ್ಟೇ ಬಂದಿತ್ತು. ಈ ಜುಲೈಯಲ್ಲಿ ಮನಸ್ಸು ಬದಲಾಯಿತು. ಭಾಗಮಂಡಲದಲ್ಲಿ ತ್ರಿವೇಣಿ ಸಂಗಮ ತುಂಬಿ ನಾಪೋಕ್ಲು ರಸ್ತೆಗೆ ನೀರು ಬಂದದ್ದು ಬೆಳಿಗ್ಗೆ ಆರೂವರೆಗೇ ಫೋಟೊ ಸಮೇತ ಬಂತು. ಮಗಳನ್ನು ಕಾಲೇಜಿಗೆ ಕಳಿಸಲಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಮಕ್ಕಂದೂರಿನ ನೆಂಟರ ಸುದ್ದಿಗೆ ಎರಡು ದಿನ ಕಾದವರು ನಾವು. ಸಿದ್ದಾಪುರದ ಕಡೆ ಆನೆ ಬಂದದ್ದು, ರೋಬಸ್ಟಾ ಕಾಫಿಯ ಬೆಲೆ, ಎಲ್ಲವೂ ಈಗ ಆ್ಯಪಿನಲ್ಲಿ ಸಿಗುತ್ತದೆ. ಆದರೆ ಕರೆಂಟಿನ ಜೊತೆ ಟವರೂ ಹೋದಾಗ ಏನೂ ತೆರೆಯುವುದಿಲ್ಲ. ಅವ್ವನಿಗೆ ನಿಧನ ಸುದ್ದಿ ಓದಲು ಕಾಗದವೇ ಬೇಕು. ಮೂವರಿದ್ದ ವರದಿಗಾರರು ಈಗ ಒಬ್ಬರೇ. ಪಂಚಾಯಿತಿ ಸಭೆಗೆ ಯಾರೂ ಬರುತ್ತಿಲ್ಲ. ಇನ್ನೊಬ್ಬರನ್ನು ನೇಮಿಸಲಿ, ವರ್ಷದ ಚಂದಾ ಅಂದೇ ಕಟ್ಟುತ್ತೇನೆ.