ಕ್ಲಮೈಡಿಯಾ ಪರೀಕ್ಷೆ: ಮೂತ್ರವೋ, ಸ್ವಾಬೋ?

ಕ್ಲಮೈಡಿಯಾ ಅಂದರೆ ಲೈಂಗಿಕ ಸಂಪರ್ಕದಿಂದ ಹರಡುವ ಒಂದು ಸೋಂಕು. ಅದರ ಪರೀಕ್ಷೆಗೆ ಸುಲಭ ಯಾವುದು ಅಂದರೆ ಮೂತ್ರವೇ. ಆದರೆ ಅದಕ್ಕೂ ಒಂದು ಗಂಟೆ ಮೊದಲಿಂದ ಮೂತ್ರಕ್ಕೆ ಹೋಗಿರಬಾರದು. ಮೊದಲು ಬರುವ ಧಾರೆಯನ್ನೇ ಡಬ್ಬಿಗೆ ಹಿಡಿಯಿರಿ, ನಡುವಿನದು ಬೇಡ. ಗಂಡಸರಿಗೆ ಸಾಮಾನ್ಯವಾಗಿ ಇಷ್ಟು ಸಾಕು.

ಹೆಂಗಸರಿಗೆ ನಾನು ಯೋನಿಯ ಸ್ವಾಬನ್ನೇ ಹೇಳುತ್ತೇನೆ. ಮೂತ್ರದಲ್ಲಿ ತಪ್ಪಿಹೋದ ಸೋಂಕು ಇದರಲ್ಲಿ ಸಿಗಬಹುದು. ಹೆದರಬೇಡಿ, ಮೆತ್ತನೆ ತುದಿಯ ಸಣ್ಣ ಕಡ್ಡಿ ಅಷ್ಟೇ. ನೀವೇ ತೆಗೆದುಕೊಳ್ಳಬಹುದು, ಕೆಲವೇ ಸೆಕೆಂಡಿನ ಕೆಲಸ. ಗಂಟಲು, ಗುದದ ಸೋಂಕು ಮಾತ್ರ ಮೂತ್ರದಲ್ಲಿ ಕಾಣುವುದಿಲ್ಲ. ಅಲ್ಲಿಂದಲೇ ಸ್ವಾಬ್ ತೆಗೆಯಬೇಕು.

ಮುಜುಗರ ಜಾಸ್ತಿ ಅನಿಸಿದರೆ ಮನೆಗೆ ಬರುವ ಕಿಟ್ ಒಳ್ಳೆಯದು. ಕಿಬ್ಬೊಟ್ಟೆ ನೋವು, ಉರಿ ಇದ್ದರೆ, ಗರ್ಭಿಣಿಯಾಗಿದ್ದರೆ ಸುಮ್ನೆ ಕಿಟ್‌ಗೆ ಕಾಯಬೇಡಿ, ವೈದ್ಯರ ಹತ್ತಿರ ಹೋಗಿ. ಯಾವುದೇ ಆಗಲಿ, ಲೈಂಗಿಕ ಸಂಪರ್ಕವಾಗಿ 2 ವಾರ ಆಗುವ ಮೊದಲೇ ಮಾಡಿಸಿದ್ದರೆ, 'ಸೋಂಕಿಲ್ಲ' ಎಂದು ಬಂದರೂ ಇನ್ನೊಮ್ಮೆ ಮಾಡಿಸಿ.