ಹಳೆಯ ಜಿಪ್ಸಿಗೆ ವಿದ್ಯುತ್ ಮೋಟಾರು: ಹತ್ತುವುದು ಸಲೀಸು, ಇಳಿಯುವುದನ್ನು ವಿಚಾರಿಸಿ

ತೋಟದ ಗಾಡಿಗೆ ವಿದ್ಯುತ್ ಮೋಟಾರು ಹಾಕಿಸಿದ್ದೇನೆ ಎಂದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಏರು ಹತ್ತುತ್ತದೆಯೇ? ಚೆನ್ನಾಗಿ ಹತ್ತುತ್ತದೆ. ಹೇಗೆ ಇಳಿಯುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ನಮ್ಮದು 2004ರ ಮಾರುತಿ ಜಿಪ್ಸಿ. ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆಯ ಕಾಫಿ ತೋಟದಲ್ಲಿ ಗೊಬ್ಬರ, ಹಣ್ಣಿನ ಚೀಲ, ಆಳುಕಾಳು ಎಲ್ಲವನ್ನೂ ಹೊತ್ತು ಸವೆದ ಗಾಡಿ. ಎಂಜಿನ್ ಆಯಿಲ್ ಕುಡಿಯತೊಡಗಿದಾಗ ಮತ್ತೆ ಬೋರ್ ಮಾಡಿಸುವ ಬದಲು ಬೆಂಗಳೂರಿನ ಒಂದು ವರ್ಕ್‌ಶಾಪಿಗೆ ಒಪ್ಪಿಸಿದೆ. 30 ಕಿಲೋವ್ಯಾಟ್ ಮೋಟಾರು, 18 ಕಿಲೋವ್ಯಾಟ್ ಅವರ್ ಬ್ಯಾಟರಿ. 2023ರ ಏಪ್ರಿಲ್‌ನಲ್ಲಿ ನಮ್ಮ ಸೇನೆ ದೆಹಲಿಯಲ್ಲಿ ಪ್ರದರ್ಶಿಸಿದ ವಿದ್ಯುತ್ ಜಿಪ್ಸಿಯ ಕಿಟ್ ಕೂಡ 30 ಕಿಲೋವ್ಯಾಟಿನದೇ. ಬಿಲ್ಲು ಆರು ಲಕ್ಷ ದಾಟಿತು. ಅಷ್ಟು ಹಣಕ್ಕೆ ಒಳ್ಳೆಯ ಹಳೆಯ ಡೀಸೆಲ್ ಜೀಪೇ ಸಿಗುತ್ತಿತ್ತು ಎಂದು ತೋಟದ ಲೆಕ್ಕ ಬರೆಯುವ ನಮ್ಮ ರೈಟರು ಈಗಲೂ ಗೊಣಗುತ್ತಾರೆ.

ಕಬ್ಬಿಣದ ಕೆಲಸಕ್ಕೆ ಪೂರ್ಣ ಅಂಕ. ಗೇರ್‌ಬಾಕ್ಸನ್ನೂ, ಬಲವನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸನ್ನೂ ಮುಟ್ಟಿಲ್ಲ. ಮೋಟಾರಿಗೂ ಗೇರ್‌ಬಾಕ್ಸಿಗೂ ನಡುವೆ ಕಡೆದು ಮಾಡಿದ ಅಲ್ಯೂಮಿನಿಯಂ ಪ್ಲೇಟ್ ಕೂರಿಸಿದ್ದಾರೆ. ಇಲ್ಲಿ ಕೂದಲೆಳೆಯಷ್ಟು ಓರೆಯಾದರೂ ಇನ್‌ಪುಟ್ ಶಾಫ್ಟಿನ ಬೇರಿಂಗ್ ಬೇಗ ಹೋಗುತ್ತದೆ. ಓರೆ ಅಳೆಯುವ ಡಯಲ್ ಗೇಜ್ ಹಿಡಿದು, ಶಾಫ್ಟನ್ನು ಕೈಯಲ್ಲಿ ತಿರುಗಿಸುತ್ತಾ ಮುಳ್ಳು ಅಲ್ಲಾಡದಂತಾಗುವವರೆಗೆ ಹುಡುಗರು ಬಿಡಲಿಲ್ಲ. ನಾನೇ ನಿಂತು ನೋಡಿದ್ದೇನೆ. ಅರ್ಧ ಬ್ಯಾಟರಿ ಬಾನೆಟ್ಟಿನೊಳಗೆ, ಉಳಿದರ್ಧ ಪೆಟ್ರೋಲ್ ಟ್ಯಾಂಕಿನ ಜಾಗದಲ್ಲಿ ಕುಳಿತಿದೆ.

ಜಿಪ್ಸಿಯ 1.3 ಲೀಟರ್ ಎಂಜಿನ್ನಿನ ಬಲವೆಲ್ಲ ಮೇಲಿನ ಆರ್‌ಪಿಎಂನಲ್ಲಿ. ಮಳೆಗಾಲದ ಕೆಮ್ಮಣ್ಣಿನ ಏರಿನಲ್ಲಿ ಅರೆಕ್ಲಚ್ ಹಿಡಿದು ರೇಸ್ ಕೊಟ್ಟರೆ ಒಂದೋ ಕ್ಲಚ್ ಸುಟ್ಟ ವಾಸನೆ, ಇಲ್ಲವೇ ಚಕ್ರ ನಿಂತಲ್ಲೇ ಸುತ್ತಿ ಗುಂಡಿ. ಮೋಟಾರು ನಿಂತ ಸ್ಥಿತಿಯಿಂದಲೇ ಪೂರ್ತಿ ಬಲ ಕೊಡುತ್ತದೆ. ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ, ಹೆಚ್ಚು ಬಲದ ಗೇರ್), ಎರಡನೇ ಗೇರ್, ಕ್ಲಚ್ ಮುಟ್ಟುವ ಅಗತ್ಯವೇ ಇಲ್ಲ. ಪೆಡಲಿನ ಮೇಲೆ ಕಾಲಿಟ್ಟಷ್ಟಕ್ಕೇ ಹಣ್ಣಿನ ಚೀಲ ಹೊತ್ತ ಗಾಡಿ ಕಣದವರೆಗೆ ತೆವಳಿಕೊಂಡು ಬರುತ್ತದೆ. ತಕರಾರು ತೆಗೆದವರು ಮೇಸ್ತ್ರಿ ಒಬ್ಬರೇ: "ಅಮ್ಮಾವರೇ, ಗಾಡಿ ಹಿಂದೆ ಬಂದು ನಿಂತರೂ ಆಳುಗಳಿಗೆ ಗೊತ್ತಾಗುವುದಿಲ್ಲ. ತಿರುವಿನಲ್ಲಿ ಹಾರ್ನ್ ಹಾಕಿಕೊಂಡು ಬನ್ನಿ."

ಈಗ ಇಳಿಜಾರಿನ ವಿಷಯ. ಪೆಟ್ರೋಲ್ ಗಾಡಿಯನ್ನು ಸಣ್ಣ ಗೇರಿನಲ್ಲಿ ಬಿಟ್ಟರೆ ಎಂಜಿನ್ನೇ ಹಿಡಿದುಕೊಳ್ಳುತ್ತದೆ. ವಿದ್ಯುತ್ ಗಾಡಿಯಲ್ಲಿ ಆ ಕೆಲಸ ರೀಜನರೇಟಿವ್ ಬ್ರೇಕಿನದು: ಮೋಟಾರು ಜನರೇಟರಿನಂತೆ ತಿರುಗಿ ಬ್ಯಾಟರಿಗೆ ವಿದ್ಯುತ್ ತುಂಬುತ್ತಾ ಗಾಡಿಯನ್ನು ತಡೆಯುತ್ತದೆ. ಆದರೆ ಬ್ಯಾಟರಿ ತುಂಬಿದ್ದರೆ ಆ ವಿದ್ಯುತ್ತಿಗೆ ಹೋಗಲು ಜಾಗವಿಲ್ಲ. ಬ್ಯಾಟರಿ ಕಾಯುವ ಸರ್ಕ್ಯೂಟು ಅದನ್ನು ಒಳಗೆ ಬಿಡುವುದಿಲ್ಲ. ನಮ್ಮ ಮನೆ ಇರುವುದು ಗುಡ್ಡದ ತಲೆಯಲ್ಲಿ. ರಾತ್ರಿ ಪೂರ್ತಿ ಚಾರ್ಜ್ ಮಾಡಿ ಬೆಳಿಗ್ಗೆ ಇಳಿದರೆ ತಡೆಯುವುದಕ್ಕೆ ಇರುವುದು ಕಾಲಬ್ರೇಕ್ ಮಾತ್ರ. ವರ್ಕ್‌ಶಾಪಿನವರು ಇದರ ಬಗ್ಗೆ ಒಂದಕ್ಷರ ಹೇಳಿರಲಿಲ್ಲ. ಮೊದಲ ಇಳಿಜಾರಿನಲ್ಲಿ ಗಾಡಿಯೇ ಹೇಳಿತು. ಈಗ ಶೇಕಡಾ 85ಕ್ಕೆ ಚಾರ್ಜ್ ನಿಲ್ಲಿಸುತ್ತೇವೆ.

ಪೆಡಲ್ ಒತ್ತುವುದನ್ನು ಹಗುರ ಮಾಡುವ ಬ್ರೇಕ್ ಬೂಸ್ಟರಿಗೆ ಮೊದಲು ಎಂಜಿನ್ನಿನಿಂದ ನಿರ್ವಾತ ಸಿಗುತ್ತಿತ್ತು, ಈಗ ಅದಕ್ಕೆಂದೇ ವಿದ್ಯುತ್ ಪಂಪು. ಅದರ ಫ್ಯೂಸ್ ಹೋದರೆ ಪೆಡಲ್ ಕಲ್ಲಾಗುತ್ತದೆ. ಎಚ್ಚರಿಕೆಯ ದೀಪವನ್ನು ನಾನು ಹಟ ಹಿಡಿದು ಹಾಕಿಸಿಕೊಂಡೆ.

ವರ್ಕ್‌ಶಾಪಿನ ಕರಪತ್ರದಲ್ಲಿ ಒಂದು ಚಾರ್ಜಿಗೆ 120 ಕಿಲೋಮೀಟರ್ ಎಂದಿದೆ. ಡಾಂಬರು ರಸ್ತೆಯಲ್ಲಿ ತೊಂಬತ್ತು, ತೋಟದೊಳಗೆ ಅರವತ್ತರ ಆಸುಪಾಸು. ತೋಟದ ಕೆಲಸಕ್ಕೆ ಧಾರಾಳ. ಹಾಸನಕ್ಕೆ ಹೋಗಿಬರುವ ಯೋಚನೆಯಿದ್ದರೆ ಬಸ್ಸೇ ವಾಸಿ. ಚಾರ್ಜಿಗೆ 15 ಆಂಪಿಯರ್ ಸಾಕೆಟ್ ಸಾಕು, ಆರೇಳು ಗಂಟೆ ಹಿಡಿಯುತ್ತದೆ. ಬೇಸಿಗೆಯಲ್ಲಿ ಸುತ್ತಲಿನ ಪಂಪ್‌ಸೆಟ್ಟುಗಳೆಲ್ಲ ಓಡುವಾಗ ವೋಲ್ಟೇಜ್ ಕುಸಿದು ಚಾರ್ಜರ್ ಮುನಿಸಿಕೊಳ್ಳುತ್ತದೆ. ಹಾಗಾಗಿ ಚಾರ್ಜ್ ಏನಿದ್ದರೂ ಊರು ಮಲಗಿದ ಮೇಲೆ.

ಮುಂಗಡ ಕೊಡುವ ಮೊದಲು ಕಿಟ್ಟಿನ ಅನುಮೋದನೆ ಪತ್ರ ಕೇಳಿ. ಹಳೆಯ ಗಾಡಿಗೆ ವಿದ್ಯುತ್ ಕಿಟ್ ಹಾಕುವುದಕ್ಕಿರುವ ಎಐಎಸ್-123 ಮಾನದಂಡದ ಪ್ರಕಾರ ಪರೀಕ್ಷೆಯಾಗಿ, ನಿಮ್ಮ ಮಾಡೆಲ್ಲಿಗೇ ಅನುಮೋದನೆ ಸಿಕ್ಕಿರಬೇಕು. ಅದಿದ್ದರೆ ಮಾತ್ರ ಆರ್‌ಸಿಯಲ್ಲಿ ಇಂಧನದ ಕಾಲಂ ಬದಲಾಗಿ ಹಸಿರು ನಂಬರ್ ಪ್ಲೇಟ್ ಬರುತ್ತದೆ.

ಕೊನೆಯ ತಕರಾರು ದೊಡ್ಡದು. ಇಳಿಜಾರಿನ ಹಿಡಿತವನ್ನು ಸ್ವಲ್ಪ ಹೆಚ್ಚಿಸಲು ಮೋಟಾರನ್ನು ನಿಯಂತ್ರಿಸುವ ಕಂಟ್ರೋಲರಿನಲ್ಲಿ ಒಂದು ಅಂಕಿ ಬದಲಿಸಿದರೆ ಸಾಕಂತೆ. ಅದಕ್ಕೆ ಬೇಕಾದ ಪಾಸ್‌ವರ್ಡ್ ವರ್ಕ್‌ಶಾಪಿನವರ ಬಳಿಯೇ ಇದೆ. ಗಾಡಿಯನ್ನು ಲಾರಿಗೆ ಹೇರಿ ಬೆಂಗಳೂರಿಗೆ ಕಳಿಸಿ ಎನ್ನುತ್ತಾರೆ. ಕೊನೆಯ ಕಂತಿನ ನಲವತ್ತು ಸಾವಿರ ನನ್ನ ಬಳಿಯೇ ಇದೆ. ಪಾಸ್‌ವರ್ಡ್ ಕಳಿಸಿ ಎಂದಿದ್ದೇನೆ.